ಒಂಟಿ ಕೋಡಿನ ಎತ್ತು, ಹದಿನಾಲ್ಕು ವರ್ಷದ ಬೆಕ್ಕು

ಫೆಬ್ರವರಿಯ ಒಂದು ರಾತ್ರಿ ನಮ್ಮ ಬೆಕ್ಕು ಕೆಂಚವ್ವ ನನ್ನ ತೊಡೆ ಮೇಲೆ ಅಂಗಾತ ಮಲಗಿದ್ದಳು. ಅದು ಅವಳ ಹಳೇ ಅಭ್ಯಾಸ. ಊಟ ಆದ ಮೇಲೆ ನಾನು ಚಾಪೆ ಹಾಸಿಕೊಂಡು ಮಕ್ಕಳ ನೋಟ್‌ಬುಕ್ ತಿದ್ದುತ್ತೇನೆ. ಅವಳು ಬಂದು ತೊಡೆ ಏರಿ, ಎರಡು ಸುತ್ತು ತಿರುಗಿ, ಹೊಟ್ಟೆ ಮೇಲೆ ಮಾಡಿ ಮಲಗುತ್ತಾಳೆ. ನನ್ನ ಎಡಗೈ ಅವಳ ಹೊಟ್ಟೆ ಮೇಲೆ, ಬಲಗೈಯಲ್ಲಿ ಕೆಂಪು ಪೆನ್ನು. ಆ ಚಳಿಗಾಲದಲ್ಲಿ ಅವಳು ಅವ್ವನ ಕೌದಿಯೊಳಗೇ ಇದ್ದುಬಿಟ್ಟಿದ್ದಳು. ಹಾಗಾಗಿ ಎರಡು ತಿಂಗಳ ಮೇಲೆ ಅವತ್ತೇ ಬಂದು ಹಾಗೆ ಮಲಗಿದ್ದು. ಎಡಗೈ ಬೆರಳಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಎಡಗಡೆ, ಹಿಂಗಾಲಿನ ಹತ್ತಿರ, ಮೊಲೆತೊಟ್ಟಿನ ಬುಡದಲ್ಲಿ. ಕೂದಲು ಗಂಟು ಕಟ್ಟಿರಬೇಕು ಅಂದುಕೊಂಡೆ. ಸರಿಸಿ ನೋಡಿದೆ. ಅಡಿಕೆ ಗಾತ್ರದ ಗಂಟು. ಒತ್ತಿದರೆ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು, ಕೈ ಕಚ್ಚಲಿಲ್ಲ. ಎದ್ದು ಹೋಗಲೂ ಇಲ್ಲ.

ಮರುದಿನ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮುಟ್ಟಿ ನೋಡಿ ಬಾವು ಅಂದರು. ಮಾತ್ರೆ ಬರೆದರು. ಇಪ್ಪತ್ತು ದಿನ ಹಾಕಿದೆ. ಕಡಿಮೆ ಆಗಲಿಲ್ಲ ಅಂದಾಗ ಬೇರೆ ಮಾತ್ರೆ ಬರೆದರು. ಹೀಗೆ ಐದು ವಾರ ಹೋಯಿತು. ಅಷ್ಟರಲ್ಲಿ ಅಡಿಕೆ ಇದ್ದದ್ದು ನಿಂಬೆಹಣ್ಣಾಗಿತ್ತು, ಅದರ ಮುಂದೆ ಬಟಾಣಿಯಷ್ಟು ಇನ್ನೊಂದು ಹುಟ್ಟಿತ್ತು. ಆ ಐದು ವಾರ ನನ್ನನ್ನು ಈಗಲೂ ಸುಡುತ್ತದೆ. ಕೊನೆಗೆ ಊರಲ್ಲಿ ಎಲ್ಲರೂ ದನದ ಡಾಕ್ಟರು ಅಂತ ಕರೆಯುವ, ನಿವೃತ್ತಿಗೆ ಹತ್ತಿರವಿರುವ ಸರ್ಕಾರಿ ವೈದ್ಯರ ಹತ್ತಿರ ಹೋದೆ. ಅವರ ಮುಂದೆ ಎರಡು ಎಮ್ಮೆ, ಒಂದು ಕುರಿ ಕಾಯುತ್ತಿದ್ದವು. ಅವರು ಕೈ ತೊಳೆದುಕೊಂಡು ಬಂದು ಕೆಂಚವ್ವನ ಹೊಟ್ಟೆ ಮೇಲೆ ಒಂದೊಂದೇ ಮೊಲೆ ಮುಟ್ಟಿ ನೋಡಿದರು. ಬೆಕ್ಕಿಗೆ ಎಂಟು ಮೊಲೆ, ಒಂದೊಂದು ಕಡೆ ನಾಲ್ಕು. ಎಂಟನ್ನೂ ಮುಟ್ಟಿದರು.

"ಟೀಚರ್, ಇದು ಬಾವಲ್ಲ, ಗಡ್ಡಿ," ಅಂದರು. "ಬೆಕ್ಕಿಗೆ ಮೊಲಿಯಾಗ ಗಡ್ಡಿ ಬಂತಂದ್ರ ಹತ್ತರಾಗ ಎಂಟು ಒಂಬತ್ತು ಕ್ಯಾನ್ಸರೇ ಇರ್ತಾವ. ಮರಿ ಆಗದಂಗ ಆಪರೇಷನ್ ಆಗೇದೇನು ಇದಕ್ಕ?"

ಇಲ್ಲ ಅಂದೆ.

"ಹೀಟಿಗೆ ಬರದಂಗ ಇಂಜೆಕ್ಷನ್ ಏನರ ಹಾಕಿಸಿದ್ರೇನು?"

ನನಗೆ ಮಾತು ಬರಲಿಲ್ಲ. ಅವರು ಮತ್ತೆ ಕೇಳಲಿಲ್ಲ. "ನನ್ನ ಕೈ ಎಮ್ಮಿ ಆಕಳಿಗೆ ಪಳಗಿದ ಕೈ. ಇಷ್ಟು ವಯಸ್ಸಾದ ಬೆಕ್ಕಿಗೆ ಅರವಳಿಕೆ ಕೊಡೋದು ಬ್ಯಾರೇ ಕೆಲಸ. ಹೈದರಾಬಾದಿಗೆ ಹೋಗ್ರಿ," ಅಂತ ಚೀಟಿ ಬರೆದು ಕೊಟ್ಟರು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಲ್ಲ ಅಂತ ನೇರವಾಗಿ ಹೇಳಿದ ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ.

ಆರು ಇಂಜೆಕ್ಷನ್

ಅಪ್ಪ ರಾಯಚೂರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. 2011ರ ಮಳೆಗಾಲದಲ್ಲಿ ಅಂಗಡಿಯ ಗೋಣಿಚೀಲಗಳ ಸಂದಿನಲ್ಲಿ ಬೆಕ್ಕೊಂದು ಮರಿ ಹಾಕಿತ್ತು. ಅವುಗಳಲ್ಲಿ ಒಂದನ್ನು ಅಪ್ಪ ಲೆಕ್ಕದ ಪುಸ್ತಕ ತರುವ ಬಟ್ಟೆಚೀಲದಲ್ಲಿ ಇಟ್ಟುಕೊಂಡು ಬಂದರು. ಮೈತುಂಬ ಹತ್ತಿಯ ಎಳೆ, ಹೊಟ್ಟು. ಕೆಂಪು ಬಿಳಿ ಬಣ್ಣ ನೋಡಿ ಅವ್ವ ಕೆಂಚವ್ವ ಅಂತ ಕರೆದಳು. ಅಪ್ಪ 2019ರಲ್ಲಿ ತೀರಿಕೊಂಡರು. ಅವರು ಕೂರುತ್ತಿದ್ದ ಕುರ್ಚಿ ಮೇಲೆ ಆಮೇಲೆ ಕೂತದ್ದು ಕೆಂಚವ್ವ ಒಬ್ಬಳೇ.

2012ರಲ್ಲಿ ನಾಲ್ಕು ಮರಿ ಹಾಕಿದಳು, 2013ರಲ್ಲಿ ಮೂರು. ಏಳು ಮರಿಗೂ ಮನೆ ಹುಡುಕಿ ಹುಡುಕಿ ಸಾಕಾಯಿತು. ಬೆದೆಗೆ ಬಂದಾಗ ರಾತ್ರಿಯೆಲ್ಲಾ ಮಾಳಿಗೆ ಮೇಲೆ ಕೂಗು. ಹೆಣ್ಣು ಬೆಕ್ಕು ಹಾಗೆ ಕೂಗುವಾಗ ಕೂಸು ಅತ್ತ ಹಾಗೇ ಕೇಳುತ್ತದೆ. ಪಕ್ಕದ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಆಗ ಯಾರೋ ಇಂಜೆಕ್ಷನ್ ಇದೆ ಅಂದರು. ನಾನೇ ತೆಗೆದುಕೊಂಡು ಹೋದೆ. ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ಮೇಲೆ ಟವೆಲ್ ಕಟ್ಟಿದ್ದೆ, ಟವೆಲ್ ಸಂದಿಯಿಂದ ಒಂದು ಕಿವಿ ಮಾತ್ರ ಹೊರಗೆ ಕಾಣುತ್ತಿತ್ತು. ಸ್ಟೀಲ್ ತಟ್ಟೆಯಲ್ಲಿ ಒಂದು ಸಣ್ಣ ಸೀಸೆ, ಒಳಗೆ ಸುಣ್ಣದ ನೀರಿನಂಥ ಬಿಳಿ ಔಷಧಿ. ಕುಲುಕಿ ತೆಗೆದು, ಕತ್ತಿನ ಹಿಂದಿನ ಚರ್ಮ ಎತ್ತಿ ಚುಚ್ಚಿದರು. "ಆರು ತಿಂಗಳು ಚಿಂತಿ ಇಲ್ರಿ," ಅಂದರು. ನಾನು ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಮೂರು ವರ್ಷದಲ್ಲಿ ಆರು ಸಲ.

ಅದು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನು. ಬೆದೆ ನಿಲ್ಲಿಸುತ್ತದೆ ನಿಜ, ಜೊತೆಗೆ ಬೆಕ್ಕಿಗೆ ಸ್ತನದ ಗೆಡ್ಡೆ ಬರುವ ಸಾಧ್ಯತೆಯನ್ನೂ ಜಾಸ್ತಿ ಮಾಡುತ್ತದೆ. ಇದು ಇವತ್ತು ನಿನ್ನೆ ಗೊತ್ತಾದ ವಿಷಯ ಅಲ್ಲ, ನನಗೆ ಗೊತ್ತಿರಲಿಲ್ಲ ಅಷ್ಟೆ. ದನದ ಡಾಕ್ಟರು ಕೇಳಿದ ರಾತ್ರಿ ಫೋನ್ ಹಿಡಿದುಕೊಂಡು ಎರಡು ಗಂಟೆವರೆಗೂ ಓದಿದೆ. 2005ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದ ಅಂಕಿ ಕಣ್ಣಿಗೆ ಬಿತ್ತು. ಆರು ತಿಂಗಳೊಳಗೆ ಗರ್ಭಕೋಶದ ಆಪರೇಷನ್ ಮಾಡಿಸಿದ ಬೆಕ್ಕಿಗೆ ಈ ಕ್ಯಾನ್ಸರಿನ ಅಪಾಯ ಶೇಕಡಾ 91ರಷ್ಟು ಕಡಿಮೆ. ಒಂದು ವರ್ಷದೊಳಗೆ ಮಾಡಿಸಿದರೆ ಶೇಕಡಾ 86. ಎರಡು ವರ್ಷ ದಾಟಿದ ಮೇಲೆ ಮಾಡಿಸಿದರೆ ಹೇಳಿಕೊಳ್ಳುವ ಉಪಯೋಗ ಇಲ್ಲ. ನಾನು ಲೆಕ್ಕ ಹಾಕಿದೆ. ಕೆಂಚವ್ವನಿಗೆ ಆರು ತಿಂಗಳು ತುಂಬಿದ್ದು 2012ರ ಶುರುವಿನಲ್ಲಿ. ಆಗ ನಾನು ಬಿ.ಎಡ್. ಪರೀಕ್ಷೆ ಬರೆಯುತ್ತಿದ್ದೆ. ಅವಳ ಬಗ್ಗೆ ಯೋಚನೆ ಮಾಡಿದ್ದು ನನಗೆ ನೆನಪೇ ಇಲ್ಲ.

ಆ ರಾತ್ರಿಯೇ ತೀರ್ಮಾನ ಮಾಡಿದೆ. ಆಪರೇಷನ್ ಮಾಡಿಸಬೇಕು. ಎಷ್ಟಾದರೂ ಆಗಲಿ. ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆಯಬಹುದು, ಸಾಲದಿದ್ದರೆ ಬಳೆ ಇವೆ. ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವ್ವ ಏನೂ ಅನ್ನಲಿಲ್ಲ, ಒಲೆ ಕಡೆ ತಿರುಗಿ ರೊಟ್ಟಿ ತಟ್ಟುತ್ತಾ ಇದ್ದಳು. ಪಕ್ಕದ ಮನೆಯ ದೊಡ್ಡಮ್ಮ ಮಾತ್ರ ಬಾಗಿಲಲ್ಲೇ ನಿಂತು ಹೇಳಿದರು. "ಹದಿನಾಕು ವರ್ಷದ ಬೆಕ್ಕಿಗೆ ಯಾರರ ಕೊಯ್ಸ್ತಾರೇನವ್ವಾ? ಟೇಬಲ್ ಮ್ಯಾಲೆ ಸತ್ತರ ಪಾಪ ನಿನಗ ಸುತ್ಕೊಂತದ. ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಬೇಕಾಗ್ತದ ನೋಡು."

ಈ ಮಾತು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಬೆಕ್ಕು ಕೊಂದ ಪಾಪ ಬೇರೆ ಯಾವುದರಿಂದಲೂ ಹೋಗುವುದಿಲ್ಲ, ಬಂಗಾರದಲ್ಲಿ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು ಅಂತ. ಅವತ್ತು ನನಗೆ ಸಿಟ್ಟು ಬಂತು. ಆ ಮಾತು ಬಿಡದೆ ಎರಡು ವಾರ ನನ್ನ ಜೊತೆಗೇ ಓಡಾಡಿತು. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಸಹಿ ಹಾಕದೆ ಬಂದದ್ದು

ರಾಯಚೂರಿನಿಂದ ಹೈದರಾಬಾದಿಗೆ ರಸ್ತೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್. ಏಪ್ರಿಲ್ ಮೊದಲ ವಾರ, ಬಿಸಿಲು ಏರುವ ಮೊದಲೇ ತಲುಪಬೇಕು ಅಂತ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ತಮ್ಮ ಕಾರು ಓಡಿಸುತ್ತಿದ್ದ. ಶಕ್ತಿನಗರದ ಚಿಮಣಿಗಳ ಕೆಂಪು ದೀಪ ಹಿಂದೆ ಬಿತ್ತು, ಕೃಷ್ಣೆ ದಾಟಿದೆವು. ಕೆಂಚವ್ವ ಮಖ್ತಲ್‌ವರೆಗೂ ಕೂಗುತ್ತಲೇ ಇದ್ದಳು. ಆಮೇಲೆ ಸುಮ್ಮನಾದಳು. ಕೂಗುವಾಗ ಒಂದು ಥರ ಸಂಕಟ, ಸುಮ್ಮನಾದಾಗ ಅದಕ್ಕಿಂತ ಜಾಸ್ತಿ. ಬುಟ್ಟಿಯ ಜಾಲರಿಗೆ ಬಾಯಿ ತೆರೆದು ಒತ್ತಿಕೊಂಡಿದ್ದಳು. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಜಡ್ಚರ್ಲಾ ದಾಟುವ ತನಕ ಬಗ್ಗಿ ಕೂತೇ ಇದ್ದೆ. ಈ ದಾರಿಯನ್ನು ಇನ್ನೆಷ್ಟು ಸಲ ಇವಳಿಗೆ ತೋರಿಸಬೇಕು ಅನ್ನುವ ಪ್ರಶ್ನೆ ಅಲ್ಲೇ ಹುಟ್ಟಿತು.

ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವರು, ತೆಲುಗಿನಲ್ಲಿ ನಿಧಾನವಾಗಿ ಮಾತಾಡುವವರು. ರಕ್ತ ತೆಗೆದರು. ಎದೆಯ ಎಕ್ಸ್‌ರೇಯನ್ನು ಮೂರು ಮಗ್ಗುಲಿಂದ ತೆಗೆದರು, ಯಾಕೆಂದರೆ ಈ ಕ್ಯಾನ್ಸರ್ ಹೆಚ್ಚಾಗಿ ಹೋಗುವುದು ಹತ್ತಿರದ ಗ್ರಂಥಿಗೆ, ಆಮೇಲೆ ಶ್ವಾಸಕೋಶಕ್ಕೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಾನು ಉಸಿರು ಬಿಟ್ಟೆ. ಅವರು ತಕ್ಷಣ ಹೇಳಿದರು, ಕಾಣಲಿಲ್ಲ ಅಂದರೆ ಇಲ್ಲ ಅಂತ ಅಲ್ಲ, ತೀರಾ ಸಣ್ಣ ಗಂಟು ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಕ್ರಿಯಾಟಿನಿನ್ 2.6 ಇತ್ತು. ಕಿಡ್ನಿ ಸೋಲುತ್ತಿದೆ ಅಂತ ಅರ್ಥ, ಇನ್ನೂ ಪೂರ್ತಿ ಕೈಕೊಟ್ಟಿಲ್ಲ. ತೂಕ 3.1 ಕೆಜಿ. ಚೆನ್ನಾಗಿದ್ದ ಕಾಲದಲ್ಲಿ ನಾಲ್ಕರ ಮೇಲಿದ್ದಳು.

ಗೆಡ್ಡೆಯನ್ನು ಅಳತೆ ಪಟ್ಟಿಯಲ್ಲಿ ಅಳೆದರು. ಮೂರೂವರೆ ಸೆಂಟಿಮೀಟರ್. ಈ ಕಾಯಿಲೆಯಲ್ಲಿ ಗಾತ್ರಕ್ಕೆ ತುಂಬಾ ಬೆಲೆ. ಎರಡು ಸೆಂಟಿಮೀಟರಿಗಿಂತ ಸಣ್ಣದಿದ್ದಾಗ ತೆಗೆಸಿದರೆ ವರ್ಷಗಟ್ಟಲೆ ಬದುಕುವ ಬೆಕ್ಕುಗಳಿವೆ. ಮೂರು ದಾಟಿದರೆ ಲೆಕ್ಕ ಸಾಮಾನ್ಯವಾಗಿ ತಿಂಗಳಿಗೆ ಇಳಿಯುತ್ತದೆ. ನನ್ನ ಫೆಬ್ರವರಿಯ ಅಡಿಕೆ ನೆನಪಾಯಿತು.

ಅವರ ಸಲಹೆ ಸ್ಪಷ್ಟವಾಗಿತ್ತು. ಎಡಗಡೆಯ ನಾಲ್ಕೂ ಮೊಲೆ, ಅದರ ಕೆಳಗಿನ ಚರ್ಮ, ತೊಡೆಸಂದಿಯ ಗ್ರಂಥಿ, ಎಲ್ಲಾ ಒಂದೇ ಪಟ್ಟಿಯಾಗಿ ತೆಗೆಯಬೇಕು. ಗೆಡ್ಡೆ ಒಂದನ್ನೇ ತೆಗೆದರೆ ಅದೇ ಸಾಲಿನಲ್ಲಿ ಮತ್ತೆ ಹುಟ್ಟುವುದು ಜಾಸ್ತಿ. ಹೊಲಿಗೆ ಕಂಕುಳಿಂದ ತೊಡೆವರೆಗೂ ಬರುತ್ತದೆ. ಎರಡು ವಾರ ನೆಕ್ಕದಂತೆ ಕಾಯಬೇಕು. ಆಮೇಲೆ ಕೀಮೋ ಕೊಡುವುದುಂಟು, ಆದರೆ ಕಿಡ್ನಿ ಹೀಗಿರುವಾಗ ಅದು ಕಷ್ಟ. ಖರ್ಚು ಎಲ್ಲಾ ಸೇರಿ 40 ಸಾವಿರದ ಹತ್ತಿರ.

ಅರವಳಿಕೆಯ ಬಗ್ಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಆರೋಗ್ಯವಾಗಿರುವ ಬೆಕ್ಕುಗಳಲ್ಲಿ ಅರವಳಿಕೆಯಿಂದ ಸಾಯುವವು ಸಾವಿರಕ್ಕೆ ಸುಮಾರು ಒಂದು. ಕಾಯಿಲೆ ಬಿದ್ದ ಬೆಕ್ಕುಗಳಲ್ಲಿ ಸಾವಿರಕ್ಕೆ ಹದಿನಾಲ್ಕು. ನನಗೆ ಆಶ್ಚರ್ಯ ಆಯಿತು. ನಾನು ಅರ್ಧಕ್ಕರ್ಧ ಅಂದುಕೊಂಡಿದ್ದೆ. ಟೇಬಲ್ ಮೇಲೆ ಸಾಯುವ ಭಯವನ್ನೇ ದೊಡ್ಡದು ಮಾಡಿಕೊಂಡು ಇಷ್ಟು ದಿನ ಒದ್ದಾಡಿದ್ದೆ. ನಿಜವಾಗಿ ಯೋಚಿಸಬೇಕಾದದ್ದು ಟೇಬಲ್ಲಿಂದ ಇಳಿದ ಮೇಲಿನ ದಿನಗಳ ಬಗ್ಗೆ. ಅವಳಿಗೆ ಉಳಿದಿರುವುದು ಐದಾರು ತಿಂಗಳು ಅಂದುಕೊಂಡರೆ, ಅದರಲ್ಲಿ ಒಂದು ತಿಂಗಳು ಹೊಲಿಗೆಗೆ, ಪ್ರಯಾಣಕ್ಕೆ, ಪಂಜರಕ್ಕೆ ಹೋಗುತ್ತದೆ. ಮನುಷ್ಯರಾದರೆ ಆ ಒಂದು ತಿಂಗಳನ್ನು ಮುಂದಿನದರ ಆಸೆಯಲ್ಲಿ ತಡೆದುಕೊಳ್ಳುತ್ತೇವೆ. ಮೊಮ್ಮಗನ ಮದುವೆ ಇದೆ, ಮನೆ ಕಟ್ಟುವುದಿದೆ ಅಂತ. ಕೆಂಚವ್ವನಿಗೆ ಮುಂದಿನ ತಿಂಗಳು ಅಂತ ಒಂದಿಲ್ಲ. ಅವಳಿಗೆ ಇರುವುದು ಇವತ್ತಿನ ಕಿಟಕಿ, ಇವತ್ತಿನ ತೊಡೆ.

ಒಪ್ಪಿಗೆ ಪತ್ರ ಮುಂದೆ ಇಟ್ಟರು. ಪೆನ್ನು ಕೈಗೆ ತೆಗೆದುಕೊಂಡೆ. ಆಗ ಕೆಂಚವ್ವನ ಕಡೆ ನೋಡಿದೆ. ಸ್ಟೀಲ್ ಮೇಜಿನ ಮೇಲೆ ಪಂಜ ಒಳಗೆ ಮಡಚಿ, ಕಿವಿ ಎರಡೂ ಬದಿಗೆ ಬಾಗಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಳು. ಬೆಕ್ಕು ನೋವನ್ನು ಬಚ್ಚಿಡುತ್ತದೆ. ಅದಕ್ಕೇ 2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಕ್ರಮ ಮಾಡಿದ್ದಾರೆ. ಕಿವಿ ಹೇಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿದೆಯಾ, ತಲೆ ಹೆಗಲಿಗಿಂತ ಕೆಳಗಿದೆಯಾ. ಹಿಂದಿನ ವಾರ ಅದನ್ನು ಓದಿದ್ದೆ. ಐದನ್ನೂ ಆ ಮೇಜಿನ ಮೇಲೆ ನೋಡಿದೆ. ಅದು ನೋವೋ ಭಯವೋ ಬಿಡಿಸಿ ಹೇಳಲು ನನಗೆ ಬರಲಿಲ್ಲ. ಒಂದು ವಾರ ಕೊಡಿ ಸರ್ ಅಂದೆ. "ಒಂದೇ ವಾರ," ಅಂದರು. "ಚರ್ಮ ತೆಳುವಾಗಿದೆ. ಇನ್ನು ಸ್ವಲ್ಪ ದಿನದಲ್ಲಿ ಒಡೆಯುತ್ತೆ."

ಅವ್ವ ಹೇಳಿದ್ದು

ಬೇಸಿಗೆಯಲ್ಲಿ ನಮ್ಮೂರಲ್ಲಿ ಮನೆಯೊಳಗೆ ಮಲಗಲು ಆಗುವುದಿಲ್ಲ. ರಾತ್ರಿ ಹತ್ತಾದರೂ ಗೋಡೆ ಬಿಸಿ. ಮಾಳಿಗೆ ಮೇಲೆ ನೀರು ಚೆಲ್ಲಿ, ಆರಿದ ಮೇಲೆ ಹಾಸಿಗೆ ಹಾಕುತ್ತೇವೆ. ಹೈದರಾಬಾದಿನಿಂದ ಬಂದ ಮೂರನೇ ರಾತ್ರಿ ನಾನು ಕೆಂಚವ್ವನ ಉಸಿರು ಎಣಿಸುತ್ತಾ ಕೂತಿದ್ದೆ. ಮಲಗಿದ ಬೆಕ್ಕು ನಿಮಿಷಕ್ಕೆ ಮೂವತ್ತಕ್ಕಿಂತ ಕಡಿಮೆ ಸಲ ಉಸಿರಾಡಬೇಕು. ಅದು ಏರುತ್ತಾ ಹೋದರೆ ಎದೆಯಲ್ಲಿ ಏನೋ ಆಗುತ್ತಿದೆ ಅಂತ. ಎದೆಗೂಡು ಒಂದು ಸಲ ಏರಿ ಇಳಿದರೆ ಒಂದು. ಮೊಬೈಲ್ ಬೆಳಕು ಹಿಡಿಯದೆ, ಬೆರಳನ್ನು ಅವಳ ಪಕ್ಕೆಗೆ ಮೆತ್ತಗೆ ತಾಗಿಸಿ ಎಣಿಸುತ್ತಿದ್ದೆ. ಅವ್ವ ಮಲಗಿದ್ದಾಳೆ ಅಂದುಕೊಂಡಿದ್ದೆ.

"ನಮ್ಮಪ್ಪನ ಎತ್ತಿಗೂ ಹಿಂಗ ಆಗಿತ್ತು," ಅಂದಳು ಕತ್ತಲಲ್ಲಿ.

ಅವ್ವನ ತವರು ಮಾನ್ವಿ ತಾಲೂಕಿನ ಒಂದು ಹಳ್ಳಿ. ಅವ್ವ ಹತ್ತು ಹನ್ನೊಂದು ವರ್ಷದವಳು ಆಗ. ಮನೆಯ ಜೋಡೆತ್ತಿನಲ್ಲಿ ಬಲಗಡೆಯದಕ್ಕೆ ಕೋಡಿನ ಕ್ಯಾನ್ಸರ್ ಬಂತು. ಎತ್ತು ಕಟ್ಟಿದ ಊರುಗಳಲ್ಲಿ ಹಿರಿಯರಿಗೆಲ್ಲ ಇದು ಗೊತ್ತಿರುತ್ತದೆ. ಮೊದಲು ಎತ್ತು ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತದೆ. ಆ ಕಡೆ ಮೂಗಿನಿಂದ ಸೋರುತ್ತದೆ. ಕೋಡಿನ ಬುಡ ಮೆತ್ತಗಾಗುತ್ತದೆ, ಬಾಗುತ್ತದೆ. ಆಮೇಲೆ ವಾಸನೆ, ನೊಣ. ಊರಿನವರು ಕಸಾಯಿಗೆ ಕೊಟ್ಟು ಬರೋ ದುಡ್ಡು ಇಸ್ಕೋ ಅಂದರು. ಅಜ್ಜ ಕೊಡಲಿಲ್ಲ. ಮಾನ್ವಿಯಿಂದ ದನದ ಡಾಕ್ಟರನ್ನು ಬಂಡಿಯಲ್ಲಿ ಕರೆದುಕೊಂಡು ಬಂದ. ಎತ್ತನ್ನು ಕೆಡವಿ, ಕಾಲು ಕಟ್ಟಿ, ಕಣ್ಣಿನ ಹಿಂದೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಂತಿ ಗರಗಸದಲ್ಲಿ ಕೋಡು ಕೊಯ್ದರು. ಅವ್ವನನ್ನು ಒಳಗೆ ಕಳಿಸಿದ್ದರಂತೆ, ಅವಳು ಕಿಂಡಿಯಿಂದ ನೋಡಿದಳಂತೆ. ಅಜ್ಜ ಎತ್ತಿನ ಕುತ್ತಿಗೆ ಮೇಲೆ ಕೆನ್ನೆ ಇಟ್ಟುಕೊಂಡು ಅದರ ಕಿವಿಯಲ್ಲಿ ಏನೋ ಮಾತಾಡುತ್ತಲೇ ಇದ್ದನಂತೆ.

"ಬದುಕಿತೇನಬೇ?" ಅಂದೆ.

"ಒಂದು ಕಾರಹುಣ್ಣಿವಿ ಕಂಡಿತು. ಮುಂದಿನದು ಕಾಣಲಿಲ್ಲ." ಅವ್ವ ಎದ್ದು ಕೂತಳು. "ಆ ಕಾರಹುಣ್ಣಿವಿಗೆ ನಮ್ಮಪ್ಪ ಅದರ ಮೈ ತೊಳದು, ಇದ್ದ ಒಂದು ಕೋಡಿಗೆ ಬಣ್ಣ ಬಳದು, ಇಲ್ಲದ ಕಡೀಗೆ ತನ್ನ ರುಮಾಲ ಹರದು ಕಟ್ಟಿದ್ದ. ಮೆರವಣಿಗ್ಯಾಗ ಅದನ್ನೂ ಕರಕೊಂಡು ಹೋದ. ಎಲ್ಲಾರೂ ನೋಡಿದ್ರು. ನನಗ ನಾಚಿಕಿ ಬಂದಿತ್ತು, ಆಗ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಬದುಕಲಿ ಅಂತ ಕೋಡು ತಗಸಲಿಲ್ಲ ನಮ್ಮಪ್ಪ. ಅದು ಉಳಿಯಂಗಿಲ್ಲಂತ ಡಾಕ್ಟರು ಮೊದಲೇ ಹೇಳಿದ್ರು. ಹುಳ ಬೀಳಬಾರ್ದು ಅಂತ ತಗಸಿದ. ಜೀವ ಇದ್ದಾಗ ಹುಳ ತಿನಬಾರ್ದು ನೋಡು, ಅದಕ್ಕ."

ನಾನು ಎರಡು ವಾರದಿಂದ ಆಪರೇಷನ್ ಬೇಕೋ ಬೇಡವೋ ಅಂತ ಒಂದೇ ಪ್ರಶ್ನೆ ಹಿಡಿದುಕೊಂಡು ಸುತ್ತುತ್ತಿದ್ದೆ. ಆ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸ ಇವೆ ಅಂತ ನನಗೆ ಹೊಳೆದೇ ಇರಲಿಲ್ಲ. ಒಂದು, ಕಾಯಿಲೆಯನ್ನು ಗೆಲ್ಲಲು ಮಾಡುವುದು. ಇನ್ನೊಂದು, ಕಾಯಿಲೆ ಇದ್ದಷ್ಟು ದಿನ ಹಿಂಸೆ ಕಡಿಮೆ ಆಗಲಿ ಅಂತ ಮಾಡುವುದು. ಹೈದರಾಬಾದಿನ ಡಾಕ್ಟರು ಹೇಳಿದ್ದು ಮೊದಲನೆಯದು, ಅವರ ಪಾಠದ ಪ್ರಕಾರ ಸರಿಯಾದದ್ದೇ. ಎಂಟು ವರ್ಷದ ಬೆಕ್ಕಾಗಿದ್ದರೆ, ಕಿಡ್ನಿ ಗಟ್ಟಿಯಿದ್ದರೆ, ಗೆಡ್ಡೆ ಇನ್ನೂ ಅಡಿಕೆಯಷ್ಟೇ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಅದಕ್ಕೇ ಹೂಂ ಅನ್ನುತ್ತಿದ್ದೆ, ಈಗ ಓದುತ್ತಿರುವ ನಿಮಗೂ ಅದನ್ನೇ ಹೇಳುತ್ತೇನೆ. ತಡ ಮಾಡಬೇಡಿ. ಆದರೆ ಕೆಂಚವ್ವ ಎಂಟರವಳಲ್ಲ. ಬೆಕ್ಕಿನ ಹದಿನಾಲ್ಕು ಅಂದರೆ ಮನುಷ್ಯರ ಎಪ್ಪತ್ತು ದಾಟಿದ ವಯಸ್ಸು.

ಇನ್ನೊಂದು ವಿಷಯ ಹೇಳಿಕೊಳ್ಳಲು ಕಷ್ಟ. ಪೂರ್ತಿ ಆಪರೇಷನ್ನೇ ಆಗಬೇಕು ಅಂತ ನಾನು ಹಟ ಹಿಡಿದದ್ದು ಯಾಕೆ? ಆರು ಇಂಜೆಕ್ಷನ್‌ಗೆ. 2012ಕ್ಕೆ. ಆ ಐದು ವಾರಕ್ಕೆ. ದೊಡ್ಡ ಹೊಲಿಗೆ, ದೊಡ್ಡ ಖರ್ಚು, ಬಳೆ ಅಡವಿಟ್ಟರೆ ಇನ್ನೂ ಒಳ್ಳೆಯದು. ಅಷ್ಟು ಮಾಡಿದರೆ ನನ್ನ ತಪ್ಪು ತೊಳೆದು ಹೋಗುತ್ತದೆ ಅಂತ ಒಳಗೆಲ್ಲೋ ಲೆಕ್ಕ ಹಾಕಿದ್ದೆ. ಬಂಗಾರದ ಬೆಕ್ಕಿನ ಮಾತು ನನ್ನನ್ನು ಬಿಡದೆ ಕಾಡಿದ್ದು ಅದಕ್ಕೇ. ಕಾಶಿಯಲ್ಲಿ ಕೊಡುವ ಬಂಗಾರದ ಬೆಕ್ಕಿನಿಂದ ಸತ್ತ ಬೆಕ್ಕಿಗೆ ಏನೂ ಸಿಗುವುದಿಲ್ಲ, ಅದು ಕೊಂದವರ ಸಮಾಧಾನಕ್ಕೆ. ನಾನು ಕೆಂಚವ್ವನಿಗೆ ಆಪರೇಷನ್ ಮಾಡಿಸಲು ಹೊರಟಿದ್ದೆನೋ, ಅವಳ ಮೈಯಿಂದಲೇ ನನಗೊಂದು ಬಂಗಾರದ ಬೆಕ್ಕು ಮಾಡಿಸಿಕೊಳ್ಳಲು ಹೊರಟಿದ್ದೆನೋ? ಆ ರಾತ್ರಿ ಮಾಳಿಗೆ ಮೇಲೆ ಇದನ್ನು ನನಗೆ ನಾನೇ ಕೇಳಿಕೊಂಡೆ. ಬಂದ ಉತ್ತರಕ್ಕೆ ಅಳು ಬಂತು. ಅವ್ವ ಬೆನ್ನು ಸವರಿದಳು, ಯಾಕೆ ಅಂತ ಕೇಳಲಿಲ್ಲ.

ಹಾಗಾದರೆ ಏನೂ ಮಾಡದೆ ಬಿಡುವುದು? ಅದನ್ನೂ ಯೋಚಿಸಿದೆ. ಅಲೈಸ್ ವಿಲ್ಲಾಲೊಬೋಸ್ ಅಂತ ಅಮೆರಿಕದ ಪಶುವೈದ್ಯೆಯೊಬ್ಬರು ಮಾಡಿದ ಒಂದು ಪಟ್ಟಿ ಇದೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿ ಇವೆಯಾ ಅನ್ನುವುದು. ಏಳಕ್ಕೂ ಹತ್ತರಲ್ಲಿ ಅಂಕ ಕೊಡಬೇಕು, ಒಟ್ಟು 35 ದಾಟಿದರೆ ಬದುಕು ಇನ್ನೂ ಸಹಿಸುವಂತಿದೆ ಅಂತ. ಅಪ್ಪ ಇದ್ದಾಗಿನಿಂದ ಗಂಜಿನ ಅಂಗಡಿಯಿಂದ ಬರುವ ಕ್ಯಾಲೆಂಡರ್ ಮೇಲೆ ನಾನು ದಿನಾ ಬರೆಯಲು ಶುರು ಮಾಡಿದೆ. ಕೆಂಚವ್ವನಿಗೆ 52, 50, 53. ಅವಳು ಉಣ್ಣುತ್ತಿದ್ದಳು, ಕಟ್ಟೆ ಹತ್ತುತ್ತಿದ್ದಳು, ಅಳಿಲು ಕಂಡರೆ ಹಲ್ಲು ಕಟಕಟ ಅನ್ನಿಸುತ್ತಿದ್ದಳು. ಬೀಳುತ್ತಿದ್ದದ್ದು ಒಂದೇ ಸಾಲು, ಸ್ವಚ್ಛತೆಯದು. ಗೆಡ್ಡೆ ಮೇಲಿನ ಕೂದಲು ಉದುರಿತ್ತು, ಚರ್ಮ ಕೆಂಪಗೆ ಹೊಳೆಯುತ್ತಿತ್ತು, ಅವಳು ಅಲ್ಲೇ ನೆಕ್ಕಿ ನೆಕ್ಕಿ ಹಸಿ ಮಾಡಿದ್ದಳು. ಗೆಡ್ಡೆ ಒಡೆಯುವಂತಿರದಿದ್ದರೆ ನಾನು ಮುಟ್ಟಿಸುತ್ತಲೇ ಇರಲಿಲ್ಲ. ನಮ್ಮ ಬೇಸಿಗೆಯಲ್ಲಿ, ನಮ್ಮ ನೊಣದ ಊರಿನಲ್ಲಿ ಒಡೆದ ಗೆಡ್ಡೆ ಅಂದರೆ ಏನು ಅಂತ ಅವ್ವನಿಗೆ ಗೊತ್ತಿತ್ತು.

ಹೈದರಾಬಾದಿನ ಡಾಕ್ಟರಿಗೆ ಫೋನ್ ಮಾಡಿದೆ. ದೊಡ್ಡ ಗೆಡ್ಡೆ ಒಂದನ್ನು ಮಾತ್ರ ತೆಗೀತೀರಾ ಸರ್ ಅಂದೆ. ಅವರು ಒಪ್ಪಲಿಲ್ಲ ಮೊದಲು. ಮತ್ತೆ ಬರುತ್ತದೆ ಅಂದರು. ಗೊತ್ತು ಅಂದೆ. ಎತ್ತಿನ ಕಥೆ ಹೇಳಿದೆ, ನನ್ನ ಹರಕು ಮುರುಕು ತೆಲುಗಿನಲ್ಲಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮಾಡೋಣ ಮೇಡಂ," ಅಂದರು. "ಇದು ವಾಸಿ ಮಾಡುವ ಆಪರೇಷನ್ ಅಲ್ಲ ಅನ್ನುವುದು ಮಾತ್ರ ಮರೀಬೇಡಿ."

ಮೊದಲ ಮೂರು ಗಂಟೆ

ಏಪ್ರಿಲ್ ಮೂರನೇ ವಾರ ಮತ್ತೆ ಅದೇ ದಾರಿ. ಹಿಂದಿನ ದಿನವೇ ಹೋಗಿ ಸೇರಿಸಿದೆವು, ಕಿಡ್ನಿಗೆ ಆಸರೆಯಾಗಲಿ ಅಂತ ರಾತ್ರಿಯೆಲ್ಲಾ ಡ್ರಿಪ್ ಹಾಕಿದರು. ಸಹಿ ಹಾಕಿದೆ. ಈ ಸಲ ಕೈ ನಡುಗಲಿಲ್ಲ. ಒಳಗೆ ನಲವತ್ತು ನಿಮಿಷ ಇದ್ದಳು, ಅಷ್ಟೆ.

ಆಮೇಲಿನ ಮೂರು ಗಂಟೆ ದೊಡ್ಡದು. ಅರವಳಿಕೆಯಲ್ಲಿ ಸಾಯುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯೊಳಗೆ ಅಂತ ಡಾಕ್ಟರು ಹೇಳಿ, ಪಕ್ಕದಲ್ಲೇ ಕೂರಲು ಬಿಟ್ಟರು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ನಾನು ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಬೆನ್ನಿಗೆ ಇಡುತ್ತಿದ್ದೆ, ಅರವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ. ಒಂದು ಕಡೆ ಬೋಳಿಸಿದ ಹೊಟ್ಟೆ, ಅದರ ಮೇಲೆ ನನ್ನ ಕಿರುಬೆರಳಿನಷ್ಟು ಉದ್ದದ ಹೊಲಿಗೆ. ಆ ಬೋಳು ಚರ್ಮ ತಿಳಿ ಗುಲಾಬಿ, ಅಲ್ಲಲ್ಲಿ ಬೂದು ಮಚ್ಚೆ. ಹದಿನಾಲ್ಕು ವರ್ಷ ಸಾಕಿದರೂ ಅವಳ ಚರ್ಮದ ಬಣ್ಣ ನಾನು ನೋಡಿರಲಿಲ್ಲ. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ಒಂದು ಗಂಟೆ ಆದ ಮೇಲೆ ಮೆಲ್ಲಗೆ ಕೆಂಚವ್ವಾ ಅಂದೆ. ಬಲಗಿವಿಯ ತುದಿ ಮಾತ್ರ ನನ್ನ ಕಡೆ ತಿರುಗಿತು. ತಲೆ ಅಲ್ಲಾಡಲಿಲ್ಲ, ಮೈ ಅಲ್ಲಾಡಲಿಲ್ಲ, ಕಿವಿಯ ತುದಿ ಅಷ್ಟೇ.

ಮನೆಗೆ ಬಂದ ಮೇಲೆ ಹೊಲಿಗೆ ನೆಕ್ಕದಿರಲಿ ಅಂತ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕಾಲರ್‌ನಿಂದಾಗಿ ಅವಳಿಗೆ ನೀರು ಕುಡಿಯಲು ಬರಲಿಲ್ಲ. ಅವ್ವ ಟ್ರಂಕಿನಿಂದ ಅಪ್ಪನ ಹಳೇ ಬನಿಯನ್ ತೆಗೆದಳು. ಕತ್ತರಿಸಿ, ನಾಲ್ಕು ಕಾಲಿಗೆ ನಾಲ್ಕು ತೂತು ಮಾಡಿ, ಬೆನ್ನ ಮೇಲೆ ಮೂರು ಕಡೆ ಲಾಡಿ ಹೊಲಿದು ಅಂಗಿ ಮಾಡಿದಳು. ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಕೆಂಚವ್ವ ಮೊದಲು ಎರಡು ಹೆಜ್ಜೆ ಹಿಂದಕ್ಕೆ ನಡೆದಳು, ಒಂದು ಕಡೆ ಬಿದ್ದಳು, ಆಮೇಲೆ ಆ ಬಟ್ಟೆಯನ್ನು ಮೂಸಿ ಸುಮ್ಮನೆ ಮಲಗಿದಳು. ಆರು ವರ್ಷ ಟ್ರಂಕಿನಲ್ಲಿದ್ದ ಬಟ್ಟೆಯಲ್ಲಿ ಯಾರ ವಾಸನೆ ಉಳಿದಿರುತ್ತದೆ ಅಂತ ನನಗೆ ಗೊತ್ತಿಲ್ಲ. ನೋವಿನ ಔಷಧಿಯನ್ನು ಡಾಕ್ಟರು ಅಳೆದು ಕೊಟ್ಟಿದ್ದರು, ಸಿರಿಂಜಿನಲ್ಲಿ ದವಡೆಯ ಪಕ್ಕ ಬಿಡುವುದು. ಪಕ್ಕದ ದೊಡ್ಡಮ್ಮ ಮರುಕದಿಂದ ಅರ್ಧ ಪ್ಯಾರಾಸಿಟಮಾಲ್ ತಂದುಕೊಟ್ಟರು. ದಯವಿಟ್ಟು ಯಾರೂ ಬೆಕ್ಕಿಗೆ ಅದನ್ನು ಕೊಡಬೇಡಿ. ನಮ್ಮ ನೋವಿನ ಮಾತ್ರೆ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯಲು. ಎರಡನೇ ದಿನ ಕೋಳಿ ಬೇಯಿಸಿದ ನೀರು ನೆಕ್ಕಿದಳು. ವಯಸ್ಸಾದ ಬೆಕ್ಕು ಮೂರು ದಿನ ಉಣ್ಣದಿದ್ದರೆ ಲಿವರ್ ಕೆಡಲು ಶುರುವಾಗುತ್ತದೆ. ಹಾಗಾಗಿ ಆ ಒಂದು ಚಮಚ ನೀರು ನನಗೆ ಹಬ್ಬದೂಟ ಆಗಿತ್ತು. ಹನ್ನೆರಡನೇ ದಿನ ದನದ ಡಾಕ್ಟರೇ ಮನೆಗೆ ಬಂದು ಹೊಲಿಗೆ ಬಿಚ್ಚಿದರು. ದುಡ್ಡು ಮುಟ್ಟಲಿಲ್ಲ, ಚಹಾ ಕುಡಿದು ಹೋದರು.

ತೆಗೆದ ಗೆಡ್ಡೆಯ ಪರೀಕ್ಷೆ ಮೇನಲ್ಲಿ ಬಂತು. ಕ್ಯಾನ್ಸರೇ. ಹೊಸದೇನೂ ಅಲ್ಲ, ಆದರೂ ಆ ಕಾಗದ ಎರಡು ಸಲ ಓದಿದೆ.

ಜೂನ್ ಕೊನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವ್ವ ಪ್ರತಿ ವರ್ಷದ ಹಾಗೆ ಎರೆಮಣ್ಣು ತರಿಸಿ, ನಾದಿ, ಹಿತ್ತಲಲ್ಲಿ ಕೂತು ಜೋಡೆತ್ತು ಮಾಡುತ್ತಿದ್ದಳು. ಕೆಂಚವ್ವ ತುಳಸಿಕಟ್ಟೆಯ ನೆರಳಲ್ಲಿ ಕಾಲು ಚಾಚಿ ಮಲಗಿದ್ದಳು. ಬೋಳಿಸಿದ ಜಾಗದಲ್ಲಿ ಕೂದಲು ಗಿಡ್ಡವಾಗಿ ಬಂದಿತ್ತು. ಹಿಂದಿನ ದಿನ ಸಂಜೆ ಹೊಲಿಗೆಯ ಪಕ್ಕ ಒಂದು ಹೊಸ ಕಾಳು ನನ್ನ ಬೆರಳಿಗೆ ಸಿಕ್ಕಿತ್ತು, ಹಳೇ ಬಟಾಣಿಯೂ ಸ್ವಲ್ಪ ಬೆಳೆದಿತ್ತು. ರಾತ್ರಿ ಅವ್ವನಿಗೆ ಹೇಳಿದ್ದೆ. ಮತ್ತೆ ಕೊಯ್ಯಿಸುವುದು ಬೇಡ ಅಂತ ಇಬ್ಬರೂ ಬೇಗನೇ ಒಪ್ಪಿದೆವು. ಇನ್ನು ನೋವಿನ ಔಷಧಿ, ಕ್ಯಾಲೆಂಡರ್ ಮೇಲಿನ ಅಂಕ. ಅದು 35ರ ಹತ್ತಿರ ಬಂದ ದಿನ ದನದ ಡಾಕ್ಟರಿಗೆ ಫೋನ್ ಮಾಡಬೇಕು. ಮನೆಗೇ ಬಂದು ನಿದ್ದೆಯ ಇಂಜೆಕ್ಷನ್ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾರೆ.

ಎತ್ತು ಎರಡೂ ಮುಗಿದವು. ಬೆರಳಿಗೆ ಮೆತ್ತಿದ ಮಣ್ಣು ಒಟ್ಟು ಮಾಡಿ ಅವ್ವ ಇನ್ನೂ ಏನೋ ಮಾಡುತ್ತಿದ್ದಳು. ಸಣ್ಣದು, ಉದ್ದ ಬಾಲದ್ದು.

"ಏನಬೇ ಅದು?"

"ಸುಮ್ನಿರು," ಅಂದು ಅದನ್ನು ಎತ್ತುಗಳ ಪಕ್ಕ ಬಿಸಿಲಿಗೆ ಇಟ್ಟಳು.

ನಾನು ಗಡಿಯಾರ ನೋಡಿಕೊಂಡು ಕೆಂಚವ್ವನ ಪಕ್ಕೆಗೆ ಬೆರಳು ತಾಗಿಸಿದೆ. ಕಣ್ಣು ಬಿಡಲಿಲ್ಲ. ಕಿವಿಯ ತುದಿ ಮಾತ್ರ ತಿರುಗಿತು. ಒಂದು ನಿಮಿಷಕ್ಕೆ ಇಪ್ಪತ್ತಾರು.